ಮನೆ ಬಾಗಿಲಿನ ತಪಾಸಣೆ: ಡಾ. ಶಂಕರನಾರಾಯಣನ್ ಅವರ ಕ್ಯಾನ್ಸರ್ ಸಂಶೋಧನೆ ಮತ್ತು ಮಧುಮೇಹದ ಪಾಠ

ಕ್ಯಾನ್ಸರ್ ಮತ್ತು ಮಧುಮೇಹ ಎರಡೂ ಸದ್ದಿಲ್ಲದೆ ಮನೆ ಸೇರುವ ಕಾಯಿಲೆಗಳು. ನೋವು ಕಾಣಿಸಿಕೊಂಡ ಮೇಲೆ ಆಸ್ಪತ್ರೆಗೆ ಹೋದರೆ ಎಷ್ಟೋ ಬಾರಿ ತಡವಾಗಿರುತ್ತದೆ. ನೋವಿಲ್ಲದ ದಿನಗಳಲ್ಲೇ ಪರೀಕ್ಷೆ ಮಾಡಿಸಿಕೊಳ್ಳುವುದಕ್ಕೆ ತಪಾಸಣೆ ಎಂದು ಹೆಸರು. ಬಡ ಹಳ್ಳಿಗಳಲ್ಲಿ, ದೊಡ್ಡ ಯಂತ್ರಗಳಿಲ್ಲದೆ, ವೈದ್ಯರ ಕೊರತೆಯ ನಡುವೆಯೂ ಇಂಥ ತಪಾಸಣೆ ಸಾಧ್ಯವೇ, ಅದರಿಂದ ಜೀವ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಲಕ್ಷಾಂತರ ಜನರ ನಡುವೆ ಕೆಲಸ ಮಾಡಿ ಉತ್ತರ ಹುಡುಕಿದವರಲ್ಲಿ ಡಾ. ರೆಂಗಸ್ವಾಮಿ ಶಂಕರನಾರಾಯಣನ್ ಪ್ರಮುಖರು. ಇಂದು ನಮ್ಮ ಆರೋಗ್ಯ ಕೇಂದ್ರಗಳಲ್ಲಿ 30 ವರ್ಷ ದಾಟಿದವರಿಗೆ ಮಾಡುವ ಬಾಯಿ, ಸ್ತನ ಮತ್ತು ಗರ್ಭಕಂಠದ ತಪಾಸಣೆಯ ಹಿಂದೆ ಅವರು ಮತ್ತು ಅವರ ಸಹೋದ್ಯೋಗಿಗಳು ಸಂಗ್ರಹಿಸಿದ ಸಾಕ್ಷ್ಯವಿದೆ. ಅದೇ ಕೇಂದ್ರದಲ್ಲಿ ಅದೇ ದಿನ ಸಕ್ಕರೆಯ ಪರೀಕ್ಷೆಯೂ ಆಗುತ್ತದೆ. ಹೀಗಾಗಿ ಎರಡು ವಿಷಯಗಳನ್ನೂ ಇಲ್ಲಿ ಒಟ್ಟಿಗೆ ಕೊಡಲಾಗಿದೆ.

ಕೆಲಸದ ಹಿನ್ನೆಲೆ

ಡಾ. ಶಂಕರನಾರಾಯಣನ್ ಕ್ಯಾನ್ಸರ್ ಚಿಕಿತ್ಸಾ ವೈದ್ಯರು. ಮೊದಲು ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ ಸೇವೆ ಸಲ್ಲಿಸಿದರು. ಬಳಿಕ 1990ರ ದಶಕದಲ್ಲಿ ಫ್ರಾನ್ಸ್ ದೇಶದ ಲಿಯಾನ್ ನಗರದಲ್ಲಿರುವ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಇದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ. ಅಲ್ಲಿ ತಪಾಸಣಾ ವಿಭಾಗದ ಮುಖ್ಯಸ್ಥರಾಗಿ ಕೆಲಸ ಮಾಡಿದರು. ಕಚೇರಿ ಲಿಯಾನ್‌ನಲ್ಲಿದ್ದರೂ ಅವರ ದೊಡ್ಡ ಅಧ್ಯಯನಗಳು ನಡೆದದ್ದು ಕೇರಳ, ತಮಿಳುನಾಡು ಮತ್ತು ಮಹಾರಾಷ್ಟ್ರದ ಹಳ್ಳಿಗಳಲ್ಲಿ.

ಅವರ ಅಧ್ಯಯನಗಳ ವಿಧಾನ ಸರಳ. ಒಂದು ಪ್ರದೇಶದ ಹಳ್ಳಿಗಳನ್ನು ಗುಂಪುಗಳಾಗಿ ಮಾಡಿ, ಚೀಟಿ ಎತ್ತಿದ ಹಾಗೆ ಕೆಲವು ಗುಂಪುಗಳನ್ನು ತಪಾಸಣೆಗೆ ಆರಿಸಲಾಗುತ್ತದೆ. ಉಳಿದ ಗುಂಪುಗಳಲ್ಲಿ ಎಂದಿನ ವೈದ್ಯಕೀಯ ವ್ಯವಸ್ಥೆ ಮುಂದುವರಿಯುತ್ತದೆ. ಹಲವು ವರ್ಷ ಕಾದು, ಎರಡೂ ಕಡೆ ಎಷ್ಟು ಜನರಿಗೆ ಕ್ಯಾನ್ಸರ್ ಬಂತು, ಎಷ್ಟು ಜನ ತೀರಿಕೊಂಡರು ಎಂದು ಲೆಕ್ಕ ಹಾಕಲಾಗುತ್ತದೆ. ತಪಾಸಣೆ ಎಷ್ಟು ಜನರಿಗೆ ಆಯಿತು ಎಂಬ ಲೆಕ್ಕ ಕೊಡುವುದು ಸುಲಭ. ಎಷ್ಟು ಜೀವ ಉಳಿಯಿತು ಎಂಬ ಲೆಕ್ಕಕ್ಕೆ ವರ್ಷಗಳೇ ಬೇಕು.

ತಿರುವನಂತಪುರ: ಬಾಯಿಯ ತಪಾಸಣೆ

ಬಾಯಿ ಕ್ಯಾನ್ಸರ್ ಭಾರತದಲ್ಲಿ ಹೆಚ್ಚು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು, ಗುಟ್ಕಾ, ಬೀಡಿ, ಸಿಗರೇಟು, ಮದ್ಯ ಇದಕ್ಕೆ ಮುಖ್ಯ ಕಾರಣ. ಬಾಯಿಯನ್ನು ನೋಡಲು ಯಂತ್ರ ಬೇಡ, ಬೆಳಕು ಮತ್ತು ತರಬೇತಿ ಪಡೆದ ಕಣ್ಣು ಇದ್ದರೆ ಸಾಕು. ಇದನ್ನೇ ಆಧಾರವಾಗಿಟ್ಟುಕೊಂಡು ತಿರುವನಂತಪುರ ಜಿಲ್ಲೆಯ 13 ಗ್ರಾಮ ಪಂಚಾಯತಿಗಳಲ್ಲಿ 1990ರ ದಶಕದ ಮಧ್ಯದಲ್ಲಿ ಅಧ್ಯಯನ ಆರಂಭವಾಯಿತು. 35 ವರ್ಷ ಮೇಲ್ಪಟ್ಟ ಸುಮಾರು 1.9 ಲಕ್ಷ ಜನ ಇದರ ವ್ಯಾಪ್ತಿಯಲ್ಲಿದ್ದರು. 7 ಗುಂಪುಗಳಿಗೆ ತಪಾಸಣೆ, 6 ಗುಂಪುಗಳಿಗೆ ಎಂದಿನ ವ್ಯವಸ್ಥೆ. ವೈದ್ಯರಲ್ಲದ, ಆದರೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮೂರು ವರ್ಷಕ್ಕೊಮ್ಮೆ ಮನೆ ಮನೆಗೆ ಹೋಗಿ ಬಾಯಿ ನೋಡಿದರು. ಬಿಳಿ ಅಥವಾ ಕೆಂಪು ಕಲೆ, ಮಾಯದ ಹುಣ್ಣು ಕಂಡವರನ್ನು ವೈದ್ಯರ ಬಳಿಗೆ ಕಳಿಸಿದರು.

2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಎಲ್ಲರನ್ನೂ ಸೇರಿಸಿ ನೋಡಿದಾಗ ಸಾವಿನಲ್ಲಿ ಖಚಿತವಾಗಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರನ್ನು ಮಾತ್ರ ತೆಗೆದುಕೊಂಡಾಗ, ತಪಾಸಣೆ ಆದ ಗುಂಪಿನಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ. 34ರಷ್ಟು ಕಡಿಮೆ ಇತ್ತು. 15 ವರ್ಷಗಳ ನಂತರದ ಲೆಕ್ಕದಲ್ಲೂ ಅಭ್ಯಾಸ ಇದ್ದವರಲ್ಲಿ ಶೇ. 24ರಷ್ಟು ಇಳಿಕೆ ಉಳಿದಿತ್ತು. ಎಲ್ಲ ನಾಲ್ಕು ಸುತ್ತುಗಳಿಗೂ ತಪ್ಪದೆ ಬಾಯಿ ತೋರಿಸಿದವರಲ್ಲಿ ಲಾಭ ಇನ್ನೂ ಹೆಚ್ಚಾಗಿತ್ತು. ಒಮ್ಮೆ ತೋರಿಸಿ ಸುಮ್ಮನಾಗುವುದಕ್ಕಿಂತ ಕಾಲಕಾಲಕ್ಕೆ ತೋರಿಸುವುದರಲ್ಲೇ ಪ್ರಯೋಜನ ಎಂಬುದು ಇದರಿಂದ ತಿಳಿಯುತ್ತದೆ.

ಇಲ್ಲಿ ನಮ್ಮ ಕುಟುಂಬಗಳು ಗಮನಿಸಬೇಕಾದ ಒಂದು ವಿಷಯವಿದೆ. ಮದ್ಯ ಮುಟ್ಟದ, ಬೀಡಿ ಸಿಗರೇಟು ಸೇದದ ಮನೆಗಳಲ್ಲೂ ಊಟವಾದ ಮೇಲೆ ಅಡಿಕೆ ಹೋಳು ಬಾಯಿಗೆ ಹಾಕುವ ರೂಢಿ ಇದೆ. ಅಂಗಡಿಯ ಗಲ್ಲಾದ ಪಕ್ಕದಲ್ಲಿ ಸುಪಾರಿ ಡಬ್ಬಿ ಇರುವುದೂ ಉಂಟು. ಹೊಗೆಸೊಪ್ಪು ಸೇರದ ಬರೀ ಅಡಿಕೆಯೂ ಕ್ಯಾನ್ಸರ್ ಕಾರಕ ಎಂದು ಇದೇ ಲಿಯಾನ್ ಸಂಸ್ಥೆಯ ತಜ್ಞರ ಸಮಿತಿ 2003ರಲ್ಲಿ ತೀರ್ಮಾನಿಸಿದೆ. ಅಡಿಕೆ ಬೆಳೆಯುವ, ಅಡಿಕೆ ಮಾರುವ, ಅಡಿಕೆಯಿಂದಲೇ ಬದುಕುವ ನಾಡು ನಮ್ಮದು. ಆದ್ದರಿಂದ ಈ ಮಾತು ಕೇಳಲು ಕಹಿ. ಆದರೂ ದಿನಕ್ಕೆ ಹಲವು ಬಾರಿ ಅಡಿಕೆ ಜಗಿಯುವವರು ತಮಗೆ ಯಾವ ಚಟವೂ ಇಲ್ಲ ಎಂದು ನೆಮ್ಮದಿಯಾಗಿ ಇರುವಂತಿಲ್ಲ. ಬಾಯಿ ಪೂರ್ತಿ ತೆರೆಯಲು ಆಗದಿರುವುದು, ಖಾರ ತಿಂದರೆ ಉರಿ, ಕೆನ್ನೆಯ ಒಳಭಾಗ ಬಿಳಿಚಿ ಬಿಗಿಯಾಗುವುದು ಅಡಿಕೆಯಿಂದ ಬರುವ ತೊಂದರೆಯ ಲಕ್ಷಣಗಳು. ಇದು ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು.

ದಿಂಡಿಗಲ್: ವಿನೆಗರ್ ಪರೀಕ್ಷೆ

ಗರ್ಭಕಂಠದ ಕ್ಯಾನ್ಸರ್ ಹೆಚ್ಚಾಗಿ ಎಚ್‌ಪಿವಿ ಎಂಬ ವೈರಸ್‌ನಿಂದ ಬರುತ್ತದೆ. ಇದನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ವೈರಸ್ ತಗುಲಿದ ಮೇಲೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 10 ವರ್ಷಕ್ಕೂ ಹೆಚ್ಚು ಸಮಯ ಹಿಡಿಯುತ್ತದೆ. ಈ ಅವಧಿಯಲ್ಲಿ ಕಂಡುಹಿಡಿದರೆ ಸಣ್ಣ ಚಿಕಿತ್ಸೆಯಿಂದಲೇ ತಡೆಯಬಹುದು.

ಶ್ರೀಮಂತ ದೇಶಗಳಲ್ಲಿ ಪ್ಯಾಪ್ ಪರೀಕ್ಷೆಯಿಂದ ಇದನ್ನು ಹತೋಟಿಗೆ ತಂದರು. ಅದಕ್ಕೆ ಪ್ರಯೋಗಾಲಯ, ಪರಿಣತ ತಜ್ಞರು ಬೇಕು. ಅದರ ಬದಲು, ಗರ್ಭಕಂಠಕ್ಕೆ ದುರ್ಬಲ ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನಂಥ ದ್ರಾವಣ ಸವರಿ ಒಂದು ನಿಮಿಷ ಬಿಟ್ಟು ನೋಡಿದರೆ ದೋಷವಿರುವ ಜಾಗ ಬಿಳಿಯಾಗಿ ಕಾಣುತ್ತದೆ. ತರಬೇತಿ ಪಡೆದ ನರ್ಸ್ ಇದನ್ನು ಮಾಡಬಹುದು. ಫಲಿತಾಂಶ ಅಲ್ಲೇ ಗೊತ್ತಾಗುತ್ತದೆ.

ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ 30ರಿಂದ 59 ವರ್ಷದ ಮಹಿಳೆಯರಲ್ಲಿ ಈ ಪರೀಕ್ಷೆಯ ಅಧ್ಯಯನ ನಡೆಯಿತು. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತಪಾಸಣೆಯ ಗುಂಪಿನಲ್ಲಿ ಹೊಸ ಕ್ಯಾನ್ಸರ್ ಶೇ. 25, ಸಾವು ಶೇ. 35 ಕಡಿಮೆಯಾಗಿತ್ತು. ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಸುರೇಂದ್ರ ಶಾಸ್ತ್ರಿ ಮತ್ತು ತಂಡದವರು ಬೇರೆಯಾಗಿ ನಡೆಸಿದ ಅಧ್ಯಯನದಲ್ಲಿ ಹತ್ತನೇ ತರಗತಿ ಓದಿದ ಸ್ಥಳೀಯ ಮಹಿಳೆಯರಿಗೇ ತರಬೇತಿ ಕೊಟ್ಟು ಇದೇ ಪರೀಕ್ಷೆ ಮಾಡಿಸಲಾಯಿತು. ಅಲ್ಲಿ ಸಾವು ಶೇ. 31 ಕಡಿಮೆಯಾಯಿತು.

ಉಸ್ಮಾನಾಬಾದ್: ಒಂದೇ ಪರೀಕ್ಷೆಯ ಬೆಲೆ

ಡಾ. ಶಂಕರನಾರಾಯಣನ್ ಅವರ ಹೆಸರನ್ನು ಜಗತ್ತಿಗೆ ಪರಿಚಯಿಸಿದ್ದು ಉಸ್ಮಾನಾಬಾದ್ ಅಧ್ಯಯನ. ಈಗ ಧಾರಾಶಿವ ಎಂದು ಹೆಸರು ಬದಲಾಗಿರುವ ಈ ಜಿಲ್ಲೆ ನಮ್ಮ ಬೀದರ್, ಕಲಬುರಗಿ ಜಿಲ್ಲೆಗಳಿಗೆ ಅಂಟಿಕೊಂಡಿದೆ. ಕುಂಥಲಗಿರಿ ಸಿದ್ಧಕ್ಷೇತ್ರದ ಯಾತ್ರೆ ಮಾಡಿದವರಿಗೆ ಈ ಪ್ರದೇಶ ಹೊಸದಲ್ಲ. ಪಕ್ಕದ ಬಾರ್ಶಿಯಲ್ಲಿ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇದೆ. 1987ರಿಂದ ಅಲ್ಲಿ ಗ್ರಾಮೀಣ ಕ್ಯಾನ್ಸರ್ ನೋಂದಣಿ ಕೇಂದ್ರ ನಡೆಯುತ್ತಿದ್ದು, ಬಾರ್ಶಿ, ಪರಾಂಡಾ, ಭೂಮ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಯಾರಿಗೆ ಕ್ಯಾನ್ಸರ್ ಬಂತು ಎಂಬುದನ್ನು ದಾಖಲಿಸುತ್ತಾ ಬಂದಿದೆ. ಇಂಥ ದಾಖಲೆ ಮತ್ತು ಆಸ್ಪತ್ರೆ ಇದ್ದ ಕಾರಣ ಈ ಭಾಗದಲ್ಲಿ ದೊಡ್ಡ ಅಧ್ಯಯನ ಸಾಧ್ಯವಾಯಿತು.

30ರಿಂದ 59 ವರ್ಷದ 1,31,746 ಮಹಿಳೆಯರು, 52 ಹಳ್ಳಿ ಗುಂಪುಗಳು. ನಾಲ್ಕು ಭಾಗ ಮಾಡಲಾಯಿತು. ಒಂದಕ್ಕೆ ಎಚ್‌ಪಿವಿ ವೈರಸ್‌ನ ಡಿಎನ್‌ಎ ಪರೀಕ್ಷೆ, ಇನ್ನೊಂದಕ್ಕೆ ಪ್ಯಾಪ್, ಮತ್ತೊಂದಕ್ಕೆ ವಿನೆಗರ್ ಪರೀಕ್ಷೆ. ನಾಲ್ಕನೆಯದಕ್ಕೆ ಎಂದಿನ ವ್ಯವಸ್ಥೆ. ತಪಾಸಣೆ ಒಬ್ಬರಿಗೆ ಒಂದೇ ಬಾರಿ. 1999ರಲ್ಲಿ ಆರಂಭವಾದ ಈ ಕೆಲಸದ ಫಲಿತಾಂಶ 2009ರ ಏಪ್ರಿಲ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು.

ಎಚ್‌ಪಿವಿ ಗುಂಪಿನ 34,126 ಮಹಿಳೆಯರಲ್ಲಿ 127 ಜನರಿಗೆ, ತಪಾಸಣೆ ಇಲ್ಲದ ಗುಂಪಿನ 31,488 ಮಹಿಳೆಯರಲ್ಲಿ 118 ಜನರಿಗೆ ಕ್ಯಾನ್ಸರ್ ಪತ್ತೆಯಾಯಿತು. ಮೇಲ್ನೋಟಕ್ಕೆ ವ್ಯತ್ಯಾಸವೇ ಇಲ್ಲ. ಆದರೆ ಎರಡನೇ ಹಂತ ಅಥವಾ ಅದಕ್ಕಿಂತ ಮುಂದುವರಿದ ಕ್ಯಾನ್ಸರ್ ಎಚ್‌ಪಿವಿ ಗುಂಪಿನಲ್ಲಿ 39, ಇನ್ನೊಂದರಲ್ಲಿ 82. ಸಾವು ಒಂದರಲ್ಲಿ 34, ಇನ್ನೊಂದರಲ್ಲಿ 64. ಕಾಯಿಲೆ ಎರಡೂ ಕಡೆ ಇತ್ತು, ಒಂದು ಕಡೆ ಬೇಗ ಸಿಕ್ಕಿತು, ಇನ್ನೊಂದು ಕಡೆ ತಡವಾಗಿ ಸಿಕ್ಕಿತು. ಜೀವಮಾನದಲ್ಲಿ ಒಂದೇ ಬಾರಿ ಮಾಡಿದ ಪರೀಕ್ಷೆಯಿಂದ ಸಾವು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು. ಪ್ಯಾಪ್ ಮತ್ತು ವಿನೆಗರ್ ಗುಂಪುಗಳಲ್ಲಿ ಇಂಥ ಸ್ಪಷ್ಟ ಇಳಿಕೆ ಈ ಅಧ್ಯಯನದಲ್ಲಿ ಕಾಣಲಿಲ್ಲ. ವಿನೆಗರ್ ಪರೀಕ್ಷೆ ನೋಡುವವರ ಕಣ್ಣು ಮತ್ತು ತರಬೇತಿಯನ್ನು ಅವಲಂಬಿಸಿರುವುದರಿಂದ ಒಂದು ಕಡೆಯ ಫಲ ಇನ್ನೊಂದು ಕಡೆ ಬರದಿರಬಹುದು.

2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗರ್ಭಕಂಠದ ತಪಾಸಣೆಗೆ ಎಚ್‌ಪಿವಿ ಡಿಎನ್‌ಎ ಪರೀಕ್ಷೆಯೇ ಮೊದಲ ಆಯ್ಕೆ ಎಂದು ಶಿಫಾರಸು ಮಾಡಿತು. 30 ವರ್ಷದಿಂದ ಆರಂಭಿಸಿ 5ರಿಂದ 10 ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು. ಮಾದರಿಯನ್ನು ಮಹಿಳೆ ತಾನೇ ತೆಗೆದುಕೊಡಬಹುದು. ಸಂಕೋಚದಿಂದ ಆಸ್ಪತ್ರೆಗೆ ಹೋಗದ ನಮ್ಮ ತಾಯಂದಿರು, ಅಕ್ಕ ತಂಗಿಯರಿಗೆ ಇದೊಂದು ದೊಡ್ಡ ಅನುಕೂಲ.

ಎದ್ದ ಆಕ್ಷೇಪ

ಈ ಅಧ್ಯಯನಗಳಿಗೆ ಟೀಕೆಯೂ ಬಂತು. ತಪಾಸಣೆಯಿಂದ ಲಾಭವಿದೆ ಎಂದು ಬೇರೆ ದೇಶಗಳಲ್ಲಿ ಗೊತ್ತಿದ್ದಾಗ, ಸಾವಿರಾರು ಬಡ ಮಹಿಳೆಯರ ಒಂದು ಗುಂಪನ್ನು ತಪಾಸಣೆ ಇಲ್ಲದೆ ಬಿಟ್ಟು ಸಾವು ಎಣಿಸಿದ್ದು ಸರಿಯೇ ಎಂದು ಕೆಲವು ವೈದ್ಯರು ಕೇಳಿದರು. ಆಗ ಈ ಪ್ರದೇಶಗಳಲ್ಲಿ ಯಾವ ತಪಾಸಣಾ ಕಾರ್ಯಕ್ರಮವೂ ಇರಲಿಲ್ಲ, ಭಾರತದ ಹಳ್ಳಿಯಲ್ಲಿ ಯಾವ ಪರೀಕ್ಷೆ ನಡೆಯುತ್ತದೆ ಎಂಬುದು ತಿಳಿದಿರಲಿಲ್ಲ ಎಂಬುದು ಸಂಶೋಧಕರ ಉತ್ತರ. ಉತ್ತರ ಒಪ್ಪಿದರೂ ಒಪ್ಪದಿದ್ದರೂ ಒಂದು ಮಾತು ನಿಜ. ಆ 64 ಸಾವುಗಳ ಲೆಕ್ಕದಿಂದ ಜಗತ್ತು ಪಾಠ ಕಲಿಯಿತು. ಅಂಥ ಬೆಲೆ ಕೊಟ್ಟು ಸಿಕ್ಕಿದ ತಿಳಿವಳಿಕೆಯನ್ನು ಬಳಸದೆ ಬಿಡುವುದು ಆ ಮಹಿಳೆಯರಿಗೆ ಮಾಡುವ ಅನ್ಯಾಯ.

ಬಳಕೆಯ ಸ್ಥಿತಿ ಹೇಗಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರಲ್ಲಿ ಗರ್ಭಕಂಠದ ತಪಾಸಣೆ ಎಂದಾದರೂ ಮಾಡಿಸಿಕೊಂಡವರು ಶೇ. 1.9 ಮಾತ್ರ. ಸ್ತನ ಮತ್ತು ಬಾಯಿಯ ತಪಾಸಣೆ ಶೇ. 0.9. ಇತ್ತ 2022ರ ಅಂದಾಜಿನಂತೆ ಗರ್ಭಕಂಠದ ಕ್ಯಾನ್ಸರ್ ಭಾರತದಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಮಹಿಳೆಯರಿಗೆ ಬರುತ್ತದೆ, ಸುಮಾರು 80 ಸಾವಿರ ಜನ ತೀರಿಕೊಳ್ಳುತ್ತಾರೆ.

ಒಂದೇ ಡೋಸ್ ಲಸಿಕೆ

2009ರಲ್ಲಿ ಭಾರತದ ಹಲವು ಕೇಂದ್ರಗಳಲ್ಲಿ 10ರಿಂದ 18 ವರ್ಷದ ಅವಿವಾಹಿತ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆಯ ಎರಡು ಡೋಸ್ ಸಾಕೇ, ಮೂರು ಬೇಕೇ ಎಂದು ತಿಳಿಯುವ ಅಧ್ಯಯನ ಆರಂಭವಾಯಿತು. ಆಂಧ್ರ ಮತ್ತು ಗುಜರಾತಿನಲ್ಲಿ ನಡೆಯುತ್ತಿದ್ದ ಬೇರೊಂದು ಲಸಿಕೆ ಯೋಜನೆಯ ಬಗ್ಗೆ ವಿವಾದ ಎದ್ದು, 2010ರ ಏಪ್ರಿಲ್‌ನಲ್ಲಿ ಸರ್ಕಾರ ಇಂಥ ಎಲ್ಲ ಅಧ್ಯಯನಗಳಲ್ಲೂ ಲಸಿಕೆ ಹಾಕುವುದನ್ನು ನಿಲ್ಲಿಸಿತು. ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಸಂಶೋಧಕರು ಅವರನ್ನು ಕೈಬಿಡದೆ ವರ್ಷಗಟ್ಟಲೆ ಗಮನಿಸಿದರು. ಒಂದು ಡೋಸ್ ಪಡೆದವರಲ್ಲೂ ಅಪಾಯಕಾರಿ 16 ಮತ್ತು 18ನೇ ಬಗೆಯ ವೈರಸ್ ನೆಲೆಯೂರುವುದರ ವಿರುದ್ಧ ಶೇ. 95ರಷ್ಟು ರಕ್ಷಣೆ ಇರುವುದು 2021ರಲ್ಲಿ ಪ್ರಕಟವಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್ ಕ್ರಮಕ್ಕೂ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಪುಣೆಯ ಸೀರಮ್ ಸಂಸ್ಥೆಯ ದೇಶೀಯ ಲಸಿಕೆ ಸರ್ವಾವ್ಯಾಕ್ ಘೋಷಣೆಯಾಯಿತು. ಯಾವ ಲಸಿಕೆಯನ್ನು ಎಷ್ಟು ಡೋಸ್ ಕೊಡಿಸಬೇಕು ಎಂಬುದನ್ನು ಮಕ್ಕಳ ವೈದ್ಯರಲ್ಲಿ ಕೇಳುವುದು ಒಳ್ಳೆಯದು. ಲಸಿಕೆ ಪಡೆದವರಿಗೂ ಮುಂದೆ ತಪಾಸಣೆ ಬೇಕು.

ಮಧುಮೇಹ: ಅದೇ ಸಾಲಿನಲ್ಲಿ ಇನ್ನೊಂದು ಪರೀಕ್ಷೆ

ಕ್ಯಾನ್ಸರ್ ಮತ್ತು ಮಧುಮೇಹಕ್ಕೆ ನಂಟಿದೆ. ಅಮೆರಿಕದ ಮಧುಮೇಹ ಸಂಘ ಮತ್ತು ಕ್ಯಾನ್ಸರ್ ಸೊಸೈಟಿಯ ತಜ್ಞರು 2010ರಲ್ಲಿ ಒಟ್ಟಾಗಿ ಪರಿಶೀಲಿಸಿ, ಎರಡನೇ ಬಗೆಯ ಮಧುಮೇಹ ಇರುವವರಲ್ಲಿ ಯಕೃತ್ತು, ಮೇದೋಜೀರಕ ಗ್ರಂಥಿ, ಗರ್ಭಕೋಶದ ಒಳಪದರ, ದೊಡ್ಡ ಕರುಳು, ಸ್ತನ ಮತ್ತು ಮೂತ್ರಕೋಶದ ಕ್ಯಾನ್ಸರ್ ಹೆಚ್ಚು ಕಾಣುತ್ತದೆ ಎಂದು ಹೇಳಿದರು. ವಯಸ್ಸು, ಬೊಜ್ಜು, ದೇಹಶ್ರಮ ಇಲ್ಲದಿರುವುದು ಎರಡಕ್ಕೂ ಸಮಾನ ಕಾರಣಗಳು. ಸಕ್ಕರೆಗೆ ತಿಂಗಳು ತಿಂಗಳು ವೈದ್ಯರ ಬಳಿ ಹೋಗುವವರು ಕ್ಯಾನ್ಸರ್ ತಪಾಸಣೆಯ ಮಾತೂ ಆಯಿತು ಎಂದುಕೊಳ್ಳಬಾರದು. ಅದನ್ನು ಬೇರೆಯಾಗಿ ಕೇಳಬೇಕು.

ಕ್ಯಾನ್ಸರ್‌ನಲ್ಲಿ ಡಾ. ಶಂಕರನಾರಾಯಣನ್ ಮಾಡಿದಂಥ ಕೆಲಸವನ್ನು ಮಧುಮೇಹದಲ್ಲಿ ಚೆನ್ನೈನ ಡಾ. ವಿ. ಮೋಹನ್ ಮತ್ತು ಅವರ ತಂಡ ಮಾಡಿದೆ. ಚೆನ್ನೈನ 26 ಸಾವಿರ ಜನರ ಸಮೀಕ್ಷೆಯ ಆಧಾರದ ಮೇಲೆ 2005ರಲ್ಲಿ ಅವರು ಭಾರತೀಯರಿಗೆಂದೇ ಒಂದು ಅಂಕಪಟ್ಟಿ ಸಿದ್ಧಪಡಿಸಿದರು. ಒಂದು ಟೇಪು ಇದ್ದರೆ ಮನೆಯಲ್ಲೇ ಲೆಕ್ಕ ಹಾಕಬಹುದು:

- ವಯಸ್ಸು: 35ಕ್ಕಿಂತ ಕಡಿಮೆ 0, 35ರಿಂದ 49ಕ್ಕೆ 20, 50 ಮತ್ತು ಮೇಲೆ 30.
- ಸೊಂಟದ ಸುತ್ತಳತೆ: ಮಹಿಳೆಯರಿಗೆ 80 ಸೆಂ.ಮೀ.ಗಿಂತ, ಪುರುಷರಿಗೆ 90ಕ್ಕಿಂತ ಕಡಿಮೆ ಇದ್ದರೆ 0. ಮಹಿಳೆಯರಿಗೆ 80-89, ಪುರುಷರಿಗೆ 90-99 ಇದ್ದರೆ 10. ಅದಕ್ಕೂ ಹೆಚ್ಚಿದ್ದರೆ 20.
- ದೇಹಶ್ರಮ: ನಿತ್ಯ ವ್ಯಾಯಾಮ ಮತ್ತು ಶ್ರಮದ ಕೆಲಸ ಎರಡೂ ಇದ್ದರೆ 0, ಯಾವುದಾದರೂ ಒಂದಿದ್ದರೆ 20, ಎರಡೂ ಇಲ್ಲದಿದ್ದರೆ 30.
- ತಂದೆ ತಾಯಿಗೆ ಮಧುಮೇಹ: ಇಬ್ಬರಿಗೂ ಇಲ್ಲದಿದ್ದರೆ 0, ಒಬ್ಬರಿಗಿದ್ದರೆ 10, ಇಬ್ಬರಿಗೂ ಇದ್ದರೆ 20.

ಒಟ್ಟು 60 ಅಥವಾ ಹೆಚ್ಚು ಬಂದರೆ ಅಪಾಯ ಹೆಚ್ಚು, ರಕ್ತ ಪರೀಕ್ಷೆ ಮಾಡಿಸಲೇಬೇಕು. ಉದಾಹರಣೆಗೆ 52 ವರ್ಷದ ವ್ಯಾಪಾರಿ, ಸೊಂಟ 96 ಸೆಂ.ಮೀ., ದಿನವಿಡೀ ಅಂಗಡಿಯಲ್ಲಿ ಕುಳಿತೇ ಕೆಲಸ, ತಾಯಿಗೆ ಸಕ್ಕರೆ ಕಾಯಿಲೆ. ಅವರ ಅಂಕ 30+10+30+10, ಒಟ್ಟು 80. ವಯಸ್ಸನ್ನೂ ತಾಯಿಯ ಕಾಯಿಲೆಯನ್ನೂ ಬದಲಾಯಿಸಲಾಗದು. ಆದರೆ ನಿತ್ಯ ನಡೆದು ಸೊಂಟವನ್ನು 90ರ ಒಳಗೆ ತಂದರೆ ಅಂಕ 60ಕ್ಕೆ ಇಳಿಯುತ್ತದೆ. ಆಗಲೂ ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ.

ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಹೆಚ್ಚು, ಇಲ್ಲವೇ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಇದ್ದರೆ ಮಧುಮೇಹ. ಲಕ್ಷಣ ಇಲ್ಲದವರಲ್ಲಿ ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸುತ್ತಾರೆ. ಅದಕ್ಕಿಂತ ಸ್ವಲ್ಪ ಕೆಳಗಿನದು ಗಡಿಯ ಹಂತ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹ, ಸುಮಾರು 13.6 ಕೋಟಿ ಜನ ಗಡಿಯ ಹಂತದಲ್ಲಿ ಇದ್ದಾರೆ. ಗಡಿಯಲ್ಲಿರುವವರಿಗೆ ದಾರಿ ಇದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ತೋರಿಸಿದಂತೆ, ಊಟ ಮತ್ತು ನಡಿಗೆಯ ಬದಲಾವಣೆಯಿಂದಲೇ ಮೂರು ವರ್ಷಗಳಲ್ಲಿ ಮಧುಮೇಹಕ್ಕೆ ಜಾರುವವರ ಪ್ರಮಾಣ ಶೇ. 28ರಷ್ಟು ಇಳಿಯಿತು.

ಸಸ್ಯಾಹಾರಿಗಳಿಗೆ ಎರಡು ಮಾತು. ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ವಿಟಮಿನ್ ಕಡಿಮೆಯಾಗಬಹುದು. ಸಸ್ಯಾಹಾರದಲ್ಲಿ ಬಿ12 ಮೊದಲೇ ಕಡಿಮೆ. ಕಾಲು ಜುಮ್ಮೆನ್ನುವುದನ್ನು ಬರೀ ಸಕ್ಕರೆಯದ್ದು ಎಂದು ತಳ್ಳಿಹಾಕದೆ ಬಿ12 ಪರೀಕ್ಷೆಯನ್ನೂ ಕೇಳಿ. ಹಾಗೆಯೇ ಪರ್ವದ ದಿನಗಳಲ್ಲಿ ಉಪವಾಸ, ಏಕಾಶನ ಮಾಡುವ ಮಧುಮೇಹಿಗಳು ಮಾತ್ರೆ ಅಥವಾ ಇನ್ಸುಲಿನ್ ಪ್ರಮಾಣದ ಬಗ್ಗೆ ಮುಂಚೆಯೇ ವೈದ್ಯರಲ್ಲಿ ಮಾತಾಡಬೇಕು. ಇಲ್ಲದಿದ್ದರೆ ಸಕ್ಕರೆ ತೀರಾ ಇಳಿದು ಪ್ರಾಣಾಪಾಯ ಆಗಬಹುದು.

ಎಲ್ಲಿ, ಯಾವಾಗ ಮಾಡಿಸಬೇಕು

ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ 30 ವರ್ಷ ದಾಟಿದ ಎಲ್ಲರಿಗೂ ವರ್ಷಕ್ಕೊಮ್ಮೆ ಸಕ್ಕರೆ ಮತ್ತು ರಕ್ತದೊತ್ತಡ, 5 ವರ್ಷಕ್ಕೊಮ್ಮೆ ಬಾಯಿಯ ತಪಾಸಣೆ, ಮಹಿಳೆಯರಿಗೆ ಜೊತೆಗೆ ಸ್ತನ ಮತ್ತು ಗರ್ಭಕಂಠದ ತಪಾಸಣೆ ಆಗಬೇಕು. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಕೇಳುವ ಪ್ರಶ್ನೆಗಳು ಇದರ ಮೊದಲ ಹೆಜ್ಜೆ. ನಮ್ಮ ರಾಜ್ಯದಲ್ಲಿ 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾದ ಗೃಹ ಆರೋಗ್ಯ ಯೋಜನೆಯೂ ಇದೇ ದಾರಿಯದು. ಅವರು ಬಾಗಿಲಿಗೆ ಬಂದಾಗ ನಮ್ಮ ಮನೆಯಲ್ಲಿ ಯಾರಿಗೂ ಏನೂ ಇಲ್ಲ ಎಂದು ಕಳಿಸಿಬಿಡಬಾರದು. ಏನೂ ಇಲ್ಲದವರಿಗೇ ತಪಾಸಣೆ.

ತಪಾಸಣೆಯಲ್ಲಿ ದೋಷ ಕಂಡರೆ ಅದೇ ಕ್ಯಾನ್ಸರ್ ಎಂದಲ್ಲ. ಎಚ್‌ಪಿವಿ ಸೋಂಕು ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಅದು ನಡತೆಯ ಪ್ರಮಾಣಪತ್ರವೂ ಅಲ್ಲ. ವಿವಾಹಿತ ಮಹಿಳೆಯರಲ್ಲಿ ಇದು ತೀರಾ ಸಾಮಾನ್ಯ. ಆದರೆ ವೈದ್ಯರು ಮುಂದಿನ ಪರೀಕ್ಷೆಗೆ ಬರಹೇಳಿದರೆ ತಪ್ಪಿಸಬಾರದು. ದೋಷ ಕಂಡ ಮೇಲೆ ಚಿಕಿತ್ಸೆ ಪಡೆಯದಿದ್ದರೆ ತಪಾಸಣೆಯಿಂದ ಫಲವಿಲ್ಲ.

ಈ ಲಕ್ಷಣಗಳು ಕಂಡರೆ ಮುಂದಿನ ಶಿಬಿರಕ್ಕೆ ಕಾಯದೆ ವೈದ್ಯರನ್ನು ಕಾಣಬೇಕು: ಎರಡು ಮೂರು ವಾರವಾದರೂ ಮಾಯದ ಬಾಯಿ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಸ್ತನದಲ್ಲಿ ನೋವಿಲ್ಲದ ಗಂಟು, ತೊಟ್ಟಿನಿಂದ ರಕ್ತ, ಮುಟ್ಟಿನ ನಡುವೆ, ಸಂಪರ್ಕದ ನಂತರ ಅಥವಾ ಮುಟ್ಟು ನಿಂತ ಮೇಲೆ ರಕ್ತಸ್ರಾವ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಸೇರಿದಂತೆ ರಾಜ್ಯದ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಮುಂದಿನ ಪರೀಕ್ಷೆ ಮತ್ತು ಚಿಕಿತ್ಸೆ ದೊರೆಯುತ್ತದೆ.

ನಮ್ಮ ಸಂಘ, ಮಹಿಳಾ ಸಮಾಜ, ಬಸದಿ ಸಮಿತಿಗಳು ಆರೋಗ್ಯ ಶಿಬಿರ ನಡೆಸುವಾಗ ಸಾಮಾನ್ಯವಾಗಿ ಸಕ್ಕರೆ, ರಕ್ತದೊತ್ತಡ, ಕಣ್ಣಿನ ಪರೀಕ್ಷೆ ಇಡುತ್ತವೆ. ಅದರ ಜೊತೆಗೆ ಬಾಯಿಯ ತಪಾಸಣೆ ಸೇರಿಸಲು ಹೆಚ್ಚಿನ ಖರ್ಚಿಲ್ಲ. ಮಹಿಳೆಯರಿಗೆ ಮಹಿಳಾ ವೈದ್ಯರು ಅಥವಾ ನರ್ಸ್ ಇರುವ ಪ್ರತ್ಯೇಕ ಕೊಠಡಿ ಇಟ್ಟರೆ ಉಳಿದ ಎರಡು ತಪಾಸಣೆಗಳೂ ಆಗುತ್ತವೆ. ದೋಷ ಕಂಡವರ ಹೆಸರನ್ನು ಗುಟ್ಟಾಗಿ ಇಟ್ಟುಕೊಂಡು, ಅವರು ಆಸ್ಪತ್ರೆಗೆ ಹೋದರೇ ಎಂದು ತಿಂಗಳ ಬಳಿಕ ವಿಚಾರಿಸುವ ಒಬ್ಬ ಹಿರಿಯ ಕಾರ್ಯಕರ್ತೆಯನ್ನು ನೇಮಿಸಿದರೆ ಶಿಬಿರ ಸಾರ್ಥಕ.